ಟರ್ಕಿಶ್ ಪಾಪ್ ಗಾಯಕ ತರ್ಕನ್‌ನ ಯಾವ ಆಲ್ಬಂ ಟರ್ಕಿಯ ಗಡಿ ದಾಟಿತು? ಹೇಗೆ?

1997ರ 'ಒಲುರುಮ್ ಸನಾ'. 'ನಿನಗಾಗಿ ಸಾಯ್ತೀನಿ' ಅಂತ ಅರ್ಥ. ಜರ್ಮನಿಯಲ್ಲಿ ಹುಟ್ಟಿದ ತರ್ಕನ್‌ಗೆ ಇದು ಮೂರನೇ ಸ್ಟುಡಿಯೋ ಆಲ್ಬಂ. ಮೊದಲೆರಡು 1992, 1994ರಲ್ಲಿ ಬಂದು ಅವನನ್ನು ಟರ್ಕಿಯಲ್ಲಿ ಆಗಲೇ ತಾರೆ ಮಾಡಿದ್ದವು.

ಗಡಿ ದಾಟಿಸಿದ್ದು ಮಾತ್ರ ಒಂದೇ ಹಾಡು, 'ಶಿಮರಿಕ್'. ಅಂದರೆ ಮುದ್ದಿನಿಂದ ಹಾಳಾದವಳು. ಬರೆದವರು ಟರ್ಕಿಶ್ ಪಾಪ್‌ನ ಹಿರಿಯಕ್ಕ ಎನ್ನಬಹುದಾದ ಸೆಜೆನ್ ಅಕ್ಸು. ಪಲ್ಲವಿಯಲ್ಲಿ ಎರಡು ಸಲ ಮುತ್ತಿಡುವ ಸದ್ದು ಬರುತ್ತದಲ್ಲ, ಅದಕ್ಕೆ ಭಾಷೆಯ ಹಂಗೇ ಇಲ್ಲ! ಓಝಾನ್ ಚೊಲಾಕೋಲು ಅವರ ವಾದ್ಯಸಂಯೋಜನೆಯಲ್ಲಿ ದರ್ಬುಕ ಎಂಬ ಕೈ ಚರ್ಮವಾದ್ಯದ ಏಟು ಡಿಸ್ಕೋ ತಾಳದೊಳಗೆ ಸಲೀಸಾಗಿ ಕೂತಿದೆ. ನನ್ನ ಮಟ್ಟಿಗೆ ಆಲ್ಬಂನ ನಿಜವಾದ ಕಸುಬುಗಾರಿಕೆ ಇದೇ.

ಯುರೋಪಿನ ಮಳಿಗೆಗಳಿಗೆ ಮುಖ್ಯವಾಗಿ ಹೋದದ್ದು ಈ ಆಲ್ಬಂ ಅಲ್ಲ. ಇದರ ಮತ್ತು ಹಿಂದಿನದರ ಹಾಡುಗಳನ್ನು ಕಲೆಹಾಕಿದ 'ತರ್ಕನ್' ಎಂಬ ಸಂಕಲನ. 'ಶಿಮರಿಕ್' ಬೆಲ್ಜಿಯಂನಲ್ಲಿ ಮೊದಲ ಸ್ಥಾನಕ್ಕೇರಿತು, ಫ್ರಾನ್ಸಿನಲ್ಲಿ ಮೂರನೆಯದಕ್ಕೆ. 1999ರಲ್ಲಿ ತರ್ಕನ್‌ಗೆ ವರ್ಲ್ಡ್ ಮ್ಯೂಸಿಕ್ ಅವಾರ್ಡ್ ಕೂಡ ಬಂತು.

ಆಮೇಲೆ ಹಾಡಿನ ಹಕ್ಕುಗಳ ವಿಚಾರದಲ್ಲಿ ತರ್ಕನ್‌ಗೂ ಅಕ್ಸುಗೂ ಮನಸ್ತಾಪವಾಯಿತು. 2002ರಲ್ಲಿ ಆಸ್ಟ್ರೇಲಿಯಾದ ಹಾಲಿ ವ್ಯಾಲೆನ್ಸ್ ಇದನ್ನೇ 'ಕಿಸ್ ಕಿಸ್' ಎಂದು ಇಂಗ್ಲಿಷಿನಲ್ಲಿ ಹಾಡಿ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆದಳು. ಮೂಲ ಟರ್ಕಿಶ್ ಅಂತ ಎಷ್ಟೋ ಜನಕ್ಕೆ ಈಗಲೂ ಗೊತ್ತಿಲ್ಲ.