ಕಿಟ್ ತರಿಸಿ ಚೈನ್ ಸಾ ಕಟ್ಟೋದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ್ರೀ ಸರ್. ಜಮಖಂಡಿ ಹತ್ರ ನಂದೊಂದು ಬೈಕ್ ಗ್ಯಾರೇಜ್ ಐತಿ. ಆನ್‌ಲೈನ್‌ದಾಗ ಚೀನಾದ ಚೈನ್ ಸಾ (ಗಿಡ ಕೊಯ್ಯೋ ಮಷಿನ್) ಕಿಟ್ ನೋಡೀನಿ, ಸ್ಟಿಲ್ ಕಂಪನಿ 660 ಮಾದರಿದು, ಪಾರ್ಟ್ ಎಲ್ಲಾ ಬಿಡಿಬಿಡಿ ಬರ್ತಾವಂತ, ನಾವ ಜೋಡಿಸ್ಕೋಬೇಕಂತ. ಅಸಲಿ ಮಷಿನ್ ರೇಟಿಗೆ ನೋಡಿದ್ರ ಭಾಳ ಕಡಿಮಿ. ಹೊಲದ ಬದುವಿಗೆ ಜಾಲಿ ಗಿಡ ಭಾಳ ಬೆಳದಾವ. ತರಿಸಬಹುದೇನ್ರಿ?

ಉತ್ತರ: ತರಿಸ್ರಿ ಅಣ್ಣಾರ, ಬೈಕ್ ಇಂಜಿನ್ ಬಿಚ್ಚಿ ಜೋಡ್ಸೋ ಕೈಗೆ ಇದು ಆಗ್ಲಾರದ ಕೆಲಸ ಅಲ್ಲ. ಆದ್ರ 660 ಬ್ಯಾಡ. ಅದು 91.6 ಸಿಸಿ, 54 ಎಂಎಂ ಬೋರ್ (ಸಿಲಿಂಡರ್ ಒಳಗಿನ ಅಗಲ), ಬಾರ್ (ಚೈನ್ ಓಡೋ ಉದ್ದ ಪಟ್ಟಿ), ಚೈನ್ ಹಾಕೂಕಿಂತ ಮೊದಲ 7 ಕೆಜಿ ದಾಟತೈತಿ, ದೊಡ್ಡ ದಿಮ್ಮಿ ಸೀಳಾವ್ರಿಗೆ ಮಾಡಿದ್ದು. ಜಾಲಿ ಮುಳ್ಳಿನ ಟೊಂಗಿ ನಡುವ ಬಗ್ಗಿ ನಿಂತು ಮಧ್ಯಾಹ್ನತನಕ ಅದನ್ನ ಹಿಡಿಯೋದು ಅಂದ್ರ ನಡಾ ಹಿಡೀತೈತಿ, ಮತ್ತ ದಣಿದ ಕೈಯಾಗ ಚೈನ್ ಸಾ ಇರೋದು ಯಾವತ್ತೂ ಚಲೋ ಅಲ್ಲ. ಅದೇ ಥರ 440 ಮಾದರಿ ಕಿಟ್ ಸಿಗ್ತಾವ, 70.7 ಸಿಸಿ, 50 ಎಂಎಂ ಬೋರ್, ತೂಕ ಹತ್ತತ್ರ ಒಂದು ಕೆಜಿ ಕಡಿಮಿ, 20 ಇಂಚಿನ ಬಾರ್ ಹಾಕಿದ್ರ ಜಾಲಿ ಬುಡಕ್ಕ ಸಾಕೋ ಸಾಕು. ರೇಟ್ ಲೆಕ್ಕ ಹಾಕೂವಾಗ ಕೊರಿಯರ್, ಕಸ್ಟಮ್ಸ್ ಡ್ಯೂಟಿ ಸೇರಿಸಿ ನೋಡ್ರಿ.

ಈಗ ಮುಖ್ಯ ಮಾತು. ಅಸಲಿ ಮಷಿನ್‌ಗೆ ಜಾಸ್ತಿ ರೊಕ್ಕ ಯಾಕ ಕೊಡ್ತೀವಿ ಅಂದ್ರ ಫ್ಯಾಕ್ಟರಿಯೊಳಗ ಪಾರ್ಟ್ ಅಳದು ನೋಡಿರ್ತಾರ, ಕಿಟ್‌ನ್ಯಾಗ ಆ ಕೆಲಸ ನಿಮ್ಮ ತಲಿ ಮ್ಯಾಲೆ ಬರ್ತೈತಿ. ಡಬ್ಬಿ ಬಂದ ದಿನಾನ ಜೋಡ್ಸಾಕ ಕೂಡಬ್ಯಾಡ್ರಿ. ಎಲ್ಲಾ ಪಾರ್ಟ್ ಪೆಟ್ರೋಲ್‌ನ್ಯಾಗ ತೊಳದು, ಬಿಳಿ ಬಟ್ಟಿ ಮ್ಯಾಲೆ ಹರವಿ, ಒಂದೊಂದ ಕೈಯಾಗ ಹಿಡದು ನೋಡ್ರಿ. ಕೇಸ್ ಒಳಗ ಮಷಿನಿಂಗ್ ಮಾಡಿದ ಚೂರು ಉಳದಿರ್ತಾವ, ಆಯಿಲ್ ಹೋಗೋ ತೂತಿನ್ಯಾಗ ಸಿಕ್ಕೊಂಡಿರ್ತಾವ, ಒಂದು ಚೂರು ಬೇರಿಂಗ್‌ಗೆ ಹೋದ್ರ ಮುಗೀತು.

ಸಿಲಿಂಡರ್‌ನ್ಯಾಗ ಬೆರಳು ಹಾಕಿ ಪೋರ್ಟ್ (ಗಾಳಿ, ಹೊಗಿ ಹೋಗಿಬರೋ ತೂತು) ಅಂಚು ಸವರಿ ನೋಡ್ರಿ, ಉಗುರಿಗೆ ತಟ್ಟತೈತಿ ಅಂದ್ರ ರಿಂಗೂ ಅಲ್ಲೇ ಹೋಗಿ ಸಿಕ್ಕೊಂತೈತಿ. ಸಣ್ಣ ಪಾಲಿಶ್ ಪೇಪರ್‌ಲಿಂದ ಅಂಚು ಒಂಚೂರು ಮುರೀರಿ, ಬೋರ್ ಗ್ವಾಡಿಗೆ ಮಾತ್ರ ಮುಟ್ಟಬ್ಯಾಡ್ರಿ, ಅದರ ಮ್ಯಾಲೆ ಪ್ಲೇಟಿಂಗ್ ಐತಿ, ಅದು ಎದ್ದಿದ್ರ ಅಥವಾ ಹಳಕು ಬಂದಿದ್ರ ಸಿಲಿಂಡರ್ ವಾಪಸ್ ಕಳಿಸ್ರಿ, ರಿಪೇರಿ ಮಾತೇ ಬ್ಯಾಡ. ಆಮ್ಯಾಲೆ ರಿಂಗ್ ಒಂದನ್ನ ಬೋರ್ ಒಳಗ ಸರಳ ಕೂಡ್ಸಿ ಎರಡೂ ತುದಿ ನಡುವಿನ ಗ್ಯಾಪ್ ಫೀಲರ್ ಗೇಜ್‌ಲಿಂದ ನೋಡ್ರಿ, 50 ಎಂಎಂ ಬೋರಿಗೆ 0.2 ಎಂಎಂ ಆಸುಪಾಸು ಇರಬೇಕು, ಬರೇ 0.05 ಇತ್ತಂದ್ರ ಬಿಸಿ ಆದ ಕೂಡ್ಲೆ ತುದಿಗೆ ತುದಿ ಒತ್ತಿ ಬೋರ್ ಕೆರೀತೈತಿ. ಪಿಸ್ಟನ್ ಮ್ಯಾಲಿನ ಬಾಣ ಸೈಲೆನ್ಸರ್ ಕಡೆ ಬರಬೇಕು. ಪಿಸ್ಟನ್ ಪಿನ್ ಹಿಡಿಯೋ ತಂತಿ ಲಾಕಿನ ತೆರದ ಬಾಯಿ ಮ್ಯಾಲಕರ ಕೆಳಗರ ಇರಲಿ, ಅಡ್ಡ ಬ್ಯಾಡ. ಕಿಟ್ ಜೊತಿ ಬರೋ ಈ ಲಾಕ್‌ಗಳನ್ನ ನಾನಂತೂ ನಂಬಂಗಿಲ್ರಿ, ಅಸಲಿ ಕಂಪನಿದ್ದ ತಂದು ಹಾಕ್ತೀನಿ, ಇಡೀ ಇಂಜಿನ್ ಉಳಿಯೋದು ಹೋಗೋದು ಆ ಸಣ್ಣ ತಂತಿ ಮ್ಯಾಲೆ ಐತಿ. ಪೆಟ್ರೋಲ್ ಪೈಪು, ಪ್ಲಗ್ಗು, ಆಯಿಲ್ ಸೀಲು, ಬಾರು, ಚೈನು ಇವನ್ನೂ ಇಲ್ಲೇ ಚಲೋ ಅಂಗಡ್ಯಾಗ ತಗೋರಿ, ಇಷ್ಟೆಲ್ಲಾ ಹಾಕಿದ್ರೂ ಉಳಿತಾಯ ಉಳೀತೈತಿ.

ಕ್ರ್ಯಾಂಕ್ ಕೂಡ್ಸೂವಾಗ ಸುತ್ತಿಗಿ ಮುಟ್ಟಬ್ಯಾಡ್ರಿ. ಇದು ಪ್ರೆಸ್ ಮಾಡಿ ಜೋಡಿಸಿದ ಕ್ರ್ಯಾಂಕು, ತುದಿಗೆ ಒಂದು ಏಟು ಬಿದ್ರ ಸಾಕು, ವಾರಿ ಆಗಿ ನಡಗಾಕ ಚಾಲೂ ಮಾಡ್ತೈತಿ. ಬೇರಿಂಗ್ ರಾತ್ರಿ ಫ್ರಿಜ್ಜಿನ ಫ್ರೀಜರ್‌ನ್ಯಾಗ ಇಡ್ರಿ, ಕೇಸ್‌ಗೆ ಹೀಟ್ ಗನ್ ಹಿಡೀರಿ, ನೀರಿನ ಹನಿ ಬಿದ್ರ ಚುರ್ ಅನ್ನಬೇಕು, ಅಷ್ಟು ಕಾದ ಮ್ಯಾಲೆ ಬೇರಿಂಗ್ ತಾನ ಟಕ್ ಅಂತ ಇಳೀತೈತಿ. ನೇರ ಉರಿಗೆ ಮಾತ್ರ ಕೇಸ್ ಹಿಡಿಯೋದು ಬ್ಯಾಡ, ಈ ಥರದ ಕೇಸ್ ಸಾಮಾನ್ಯವಾಗಿ ಮ್ಯಾಗ್ನೀಸಿಯಂದು ಇರ್ತಾವ, ಅದರ ಪುಡಿಗೆ ಬೆಂಕಿ ಹತ್ತಿದ್ರ ನೀರಿಗೆ ಆರಂಗಿಲ್ಲ. ಬೇರಿಂಗ್ ಮನಿ ಸಡಿಲ ಬಂದಿದ್ರ ಬೆಳಗಾವಿ ಉದ್ಯಮಬಾಗದಾಗ ಲೇತ್ ಕೆಲಸದಾವ್ರು ರಗಡ ಅದಾರ, ಒಮ್ಮೆ ತೋರಿಸ್ರಿ. ಕ್ಲಚ್ ಉಲ್ಟಾ ಆಟಿ (ಥ್ರೆಡ್) ಇರೋದು, ಎಡಕ್ಕ ತಿರುವಿದ್ರ ಟೈಟ್ ಆಗ್ತೈತಿ, ಗೊತ್ತಿಲ್ದ ಬಲಾ ಹಾಕಿ ಕ್ರ್ಯಾಂಕ್ ಆಟಿ ಹಾಳ ಮಾಡ್ಕೊಂಡಾವ್ರು ಭಾಳ ಮಂದಿ. ಮ್ಯಾಗ್ನೆಟ್ ಮತ್ತ ಕಾಯಿಲ್ ನಡುವ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬೋಲ್ಟ್ ಬಿಗೀರಿ, ಗ್ಯಾಪ್ ತಾನ ಸರಿ ಬರ್ತೈತಿ.

ಪ್ರಶ್ನೆ: ಸರ್, ನಾವು ಬೈಲಹೊಂಗಲದಾವ್ರು, ಗೆಳ್ಯಾರು ಕೂಡಿ ಇಂಥಾದ್ದ ಕಿಟ್ ಕಟ್ಟೀವಿ. ಚಾಲೂ ಆಗ್ತೈತಿ, ಆದ್ರ ಐಡಲ್ ಒಮ್ಮೆ ಏರ್ತೈತಿ ಒಮ್ಮೆ ಇಳೀತೈತಿ, ಎಕ್ಸಿಲೇಟರ್ ಬಿಟ್ರೂ ಸ್ವಲ್ಪ ಹೊತ್ತು ಒದರಿಕೋತ ಇರ್ತೈತಿ. ಕಾರ್ಬೋರೇಟರ್ ಎಷ್ಟ ತಿರುವಿದ್ರೂ ಸರಿ ಆಗವಲ್ದು.

ಉತ್ತರ: ಮಷಿನ್ ಈಗಿಂದೀಗ ಬಂದ್ ಮಾಡ್ರಿ. ಎಲ್ಲೋ ಗಾಳಿ ಎಳ್ಯಾಕತ್ತೈತಿ. ಟೂ ಸ್ಟ್ರೋಕ್ ಇಂಜಿನ್‌ನ್ಯಾಗ ಪೆಟ್ರೋಲ್ ಜೊತಿ ಬರೋ ಆಯಿಲ್ ಬಿಟ್ರ ಒಳಗ ಬ್ಯಾರೆ ಆಯಿಲ್ ಇಲ್ಲ, ಹೊರಗಿನ ಗಾಳಿ ಸೇರಿದ್ರ ಮಿಕ್ಸ್ಚರ್ ತೆಳ್ಳಗಾಗ್ತೈತಿ, ಆಯಿಲೂ ಕಡಿಮಿ, ಶಾಖಾನೂ ಜಾಸ್ತಿ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ನೋಡ್ರಿ, ಆ ಮಗ್ಗಲಿಗೆ ಬೂದಿ ಬಣ್ಣದ ಉದ್ದುದ್ದ ಗೆರಿ ಮೂಡಿದ್ರ, ರಿಂಗ್ ತಾನು ಕೂಡೋ ಕೊರೆದ ಸಂದಿಯೊಳಗ ಅಂಟಿದಂಗ ಕಂಡ್ರ, ಸೀಜ್ ಆಗಾಕ ಚಾಲೂ ಆಗೇತಿ. ಕ್ಲೀನ್ ಇತ್ತಂದ್ರ ನೀವು ಬಚಾವ್.

ಲೀಕ್ ಹುಡುಕೋದು ಕಠಿಣ ಇಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಸೈಲೆನ್ಸರ್ ಬಾಯಿಗೂ ಕಾರ್ಬೋರೇಟರ್ ಬಾಯಿಗೂ ಅಡ್ಡ ಇಟ್ಟು ಬೋಲ್ಟ್ ಹಾಕಿ ಮುಚ್ಚರಿ, ಇಂಪಲ್ಸ್ ಪೈಪಿನ (ಕ್ರ್ಯಾಂಕ್ ಕೇಸಿನಿಂದ ಕಾರ್ಬೋರೇಟರಿಗೆ ಹೋಗೋ ಸಣ್ಣ ಪೈಪು) ತೂತಿನಿಂದ ಕೈ ಪಂಪಿನ್ಯಾಗ 0.5 ಬಾರ್ ಅಂದ್ರ ಸುಮಾರು 7 ಪಿಎಸ್‌ಐ ಗಾಳಿ ತುಂಬ್ರಿ, ಅದಕ್ಕಿಂತ ಮ್ಯಾಲೆ ಬ್ಯಾಡ, ಸೀಲ್ ಹೊರಗ ಬರ್ತಾವ. ಗೇಜ್ ಮುಳ್ಳು ನಿಂತಲ್ಲೇ ನಿಂದ್ರಬೇಕು. ಇಳಿದ್ರ ಸಾಬೂನು ನೀರು ಹಚ್ಚರಿ, ಗುಳ್ಳಿ ಎದ್ದಲ್ಲಿ ಲೀಕು. ಗಾಳಿ ತುಂಬಿ ಪಾಸ್ ಆತು ಅಂತ ಅಲ್ಲಿಗೆ ಬಿಡಬ್ಯಾಡ್ರಿ, ಗಾಳಿ ಎಳದೂ ನೋಡ್ಬೇಕು, ಯಾಕಂದ್ರ ಆಯಿಲ್ ಸೀಲಿನ ತುಟಿ ಒಳಗಿನ ಒತ್ತಡಕ್ಕ ಬಿಗಿ ಕೂತು ಎಳೆತಕ್ಕ ಬಿಟ್ಟುಕೊಡೋದು ಇರ್ತೈತಿ. ನನ್ನ ಅನುಮಾನ ಮ್ಯಾಗ್ನೆಟ್ ಕಡಿ ಸೀಲ್ ಮ್ಯಾಲೆ, ಅದನ್ನ ಹಾಕೂವಾಗ ಕ್ರ್ಯಾಂಕಿನ್ಯಾಗ ಕೀಲಿ ಕೂಡೋ ಸಂದಿಯ ಅಂಚಿಗೆ ತುಟಿ ಹರದಿರಬಹುದು. ಹೊಸಾದು ಹಾಕೂವಾಗ ಶಾಫ್ಟಿಗೆ ತೆಳು ಪ್ಲಾಸ್ಟಿಕ್ ಹಾಳಿ ಸುತ್ತಿ ಗ್ರೀಸ್ ಹಚ್ಚಿ ಜಾರಿಸ್ರಿ. ಕಿಟ್ ಕಟ್ಟಾವ್ರೆಲ್ಲಾ ಈ ಟೆಸ್ಟ್ ಮಾಡ್ದ ಚಾಲೂ ಮಾಡೋ ಹಗ್ಗಾ ಒಮ್ಮೆನೂ ಎಳಿಬಾರ್ದು ಅಂತ ನಾನು ಕೈ ಮುಗದು ಕೇಳ್ತೀನಿ, ಕಿಟ್ ಮಷಿನ್ ಸುಟ್ಟು ಬರೋದ್ರಾಗ ಹೆಚ್ಚಿನವು ಇದಕ್ಕ.

ಇನ್ನೊಂದು, ಈಗ ಬಂಕಿನ್ಯಾಗ ಬರೋದು ಇ20 (20% ಇಥೆನಾಲ್ ಕಲಸಿದ) ಪೆಟ್ರೋಲ್, ಅದರಾಗಿನ ಇಥೆನಾಲ್‌ಲಿಂದ ಮಿಕ್ಸ್ಚರ್ ಮತ್ತ ಸ್ವಲ್ಪ ತೆಳ್ಳಗಾಗ್ತೈತಿ. ಅದಕ್ಕ ಕಾರ್ಬೋರೇಟರಿನ ಎಚ್ ಸ್ಕ್ರೂ (ಫುಲ್ ಸ್ಪೀಡಿನ ಪೆಟ್ರೋಲ್ ಸ್ಕ್ರೂ) ಒಂಚೂರು ಜಾಸ್ತಿ ತೆರದ ಇಡ್ರಿ, ಫುಲ್ ಕೊಟ್ಟಾಗ ಸಣ್ಣಗ ತೊದಲಬೇಕು, ಮರಕ್ಕ ಹಚ್ಚಿದಾಗ ಸಾಫ್ ಆಗ್ಬೇಕು. ಹೊಸ ಇಂಜಿನ್‌ಗೆ ಲೀಟರ್‌ಗೆ 25 ಎಂಎಲ್ ಚಲೋ ಟೂ ಸ್ಟ್ರೋಕ್ ಆಯಿಲ್ ಅಂದ್ರ 40ಕ್ಕ 1. ಬೈಕಿನ ಇಂಜಿನ್ ಆಯಿಲ್ ಬ್ಯಾಡ. ಕಲಸಿದ ಪೆಟ್ರೋಲ್ ತಿಂಗಳಗಟ್ಲೆ ಇಡಬ್ಯಾಡ್ರಿ, ಇಥೆನಾಲ್ ನೀರು ಎಳಕೊಂತೈತಿ.

ಪ್ರಶ್ನೆ: ಮುದ್ದೇಬಿಹಾಳದಿಂದ ಬರ್ಯಾಕತ್ತೀನಿ. ಕಟ್ಟಿದ ಮಷಿನ್ ಚಲೋ ಓಡಾಕತ್ತೈತಿ, ಖರೇ ಐಡಲ್‌ದಾಗೂ ಚೈನ್ ತಿರಗತೈತಿ. ಬ್ರೇಕ್ ಹಿಡಿ ನಡುವ ಬರ್ತೈತಂತ ತಗದಿಟ್ಟೀನಿ. ನಮ್ಮ ಹೊಲದಾಗಿನ ಬೇವು ಕಡಿಯೋದೈತಿ, ಪರ್ಮಿಷನ್ ಬೇಕೇನ್ರಿ?

ಉತ್ತರ: ತಮ್ಮಾ, ಬ್ರೇಕ್ ಮೊದಲ ವಾಪಸ್ ಹಾಕು. ಬಾರಿನ ತುದಿಯ ಮ್ಯಾಲಿನ ಭಾಗ ಟೊಂಗಿಗೆ ತಟ್ಟಿದ್ರ ಮಷಿನ್ ಚಂಗನ ಎದ್ದು ಮುಖಕ್ಕ ಬರ್ತೈತಿ, ಕಣ್ಣು ಪಿಳುಕಿಸೂದ್ರಾಗ. ಆ ಹಿಡಿ ಇರೋದು ಅದನ್ನ ತಡಿಯಾಕ. ಕಿಟ್ಟಿನ ಬ್ರೇಕ್ ಬ್ಯಾಂಡ್ ಡ್ರಮ್ಮಿಗೆ ಸರಿ ಕೂತೈತೋ ಇಲ್ಲೋ ನೋಡು, ಹಿಡಿ ಮುಂದ ದೂಡಿದ ಕೂಡ್ಲೆ ಚೈನ್ ಗಪ್ಪನ ನಿಂದ್ರಬೇಕು. ಐಡಲ್‌ದಾಗ ತಿರುಗೋದಕ್ಕ ಐಡಲ್ ಸ್ಕ್ರೂ ಇಳಿಸು, ನಿಲ್ಲಲಿಲ್ಲಂದ್ರ ಕ್ಲಚ್ ಸ್ಪ್ರಿಂಗ್ ಮೆತ್ತಗ ಅದಾವ, ಬದಲಿ ಮಾಡು. ಗಾಗಲ್, ಹೆಲ್ಮೆಟ್, ಬೂಟು, ಕಾಲಿಗೆ ಚೈನ್ ತಡಿಯೋ ಪ್ಯಾಂಟು ಇಲ್ದ ಇಳೀಬ್ಯಾಡ, ಒಬ್ಬನ ಹೋಗಬ್ಯಾಡ.

ಬೇವಿಗೆ ಮೊದಲ ಕೇಳಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976 ಐತಿ, ಗಿಡ ನಮ್ಮ ಸ್ವಂತ ಹೊಲದಾಗ ಇದ್ರೂ ಅದು ಹತ್ತತೈತಿ, ಕೆಲವು ಜಾತಿಗೆ ಅಷ್ಟ ವಿನಾಯಿತಿ. ಪಹಣಿ ತಗೊಂಡು ನಿಮ್ಮ ತಾಲೂಕಿನ ವಲಯ ಅರಣ್ಯಾಧಿಕಾರಿ ಆಫೀಸಿಗೆ ಹೋಗಿ ಬೇವು ಯಾವುದರಾಗ ಬರ್ತೈತಿ ಅಂತ ಕೇಳಿ, ಅರ್ಜಿ ಬೇಕಂದ್ರ ಕೊಡು, ಆರ್ಡರ್ ಕೈಗೆ ಬಂದ ಮ್ಯಾಲೆ ಮಷಿನ್ ಹಚ್ಚು.