ವಿಮೆಗಾಗಿ ತೂಕ ಏರಿಸಿಕೊಳ್ಳಲೇ?

ಪ್ರಶ್ನೆ: ನನಗೆ 43 ವರ್ಷ. ಎತ್ತರ 160 ಸೆಂ.ಮೀ., ತೂಕ 88 ಕಿಲೋ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬೇರಿಯಾಟ್ರಿಕ್ ಸರ್ಜರಿ (ತೂಕ ಇಳಿಸಲು ಜಠರದ ಮೇಲೆ ಮಾಡುವ ಆಪರೇಷನ್) ಮಾಡಿಸಿಕೊಳ್ಳಿ ಎಂದು ಡಾಕ್ಟರ್ ಹೇಳಿದ್ದಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದರೆ ತೂಕ ಎಷ್ಟಿದೆ ಎಂಬ ಅಳತೆ) 35 ಆದರೂ ಇರಬೇಕು ಎಂದು ನನ್ನ ಪಾಲಿಸಿಯಲ್ಲಿದೆ. ನನ್ನದು 34.4. ಎರಡು ಕಿಲೋ ಏರಿಸಿಕೊಂಡರೆ ಸಾಕು ಅಂತಾರೆ ಪರಿಚಯದವರು. ಏರಿಸಿಕೊಳ್ಳಲೇ?
– ಒಬ್ಬ ಓದುಗರು

ಉತ್ತರ: ದಯವಿಟ್ಟು ಬೇಡಮ್ಮ. ಸರ್ಜರಿಗೆ ಮೊದಲು ನಾವು ಎಷ್ಟೋ ಜನರಿಗೆ ತೂಕ ಇಳಿಸಿಕೊಂಡು ಬನ್ನಿ ಎನ್ನುತ್ತೇವೆ. ಲಿವರ್ ಜಠರದ ಮೇಲೆಯೇ ಇರುತ್ತದೆ. ಅದರಲ್ಲಿ ಕೊಬ್ಬು ತುಂಬಿ ಊದಿಕೊಂಡಿದ್ದರೆ ಅದನ್ನು ಸರಿಸಿ ಕೆಲಸ ಮಾಡುವುದೇ ಕಷ್ಟ. ಬೇಕಂತಲೇ ತಿಂದು ತೂಕ ಏರಿಸಿದರೆ ಸಕ್ಕರೆಯೂ ಏರುತ್ತದೆ. ಆಗ ಸರ್ಜರಿಯನ್ನೇ ಮುಂದೂಡಬೇಕಾಗಬಹುದು.

ಒಂದು ಕೇಳುತ್ತೇನೆ. ನಿಮ್ಮ ಎತ್ತರ ಅಳೆದಾಗ ಕಾಲಲ್ಲಿ ಚಪ್ಪಲಿ ಇತ್ತಾ? ಇದು ಸಣ್ಣ ವಿಷಯ ಅಲ್ಲ. ಬಿಎಂಐ ಲೆಕ್ಕದಲ್ಲಿ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸುತ್ತೇವೆ. ಹಾಗಾಗಿ ಎತ್ತರದಲ್ಲಿ ಸ್ವಲ್ಪ ತಪ್ಪಾದರೂ ಉತ್ತರ ಜಾಸ್ತಿ ಬದಲಾಗುತ್ತದೆ. ನಿಮ್ಮ ನಿಜವಾದ ಎತ್ತರ 158 ಸೆಂ.ಮೀ. ಆಗಿದ್ದರೆ ಇದೇ 88 ಕಿಲೋಗೆ ಬಿಎಂಐ 35.3! ಎಷ್ಟೋ ವರ್ಷದ ಹಿಂದೆ ಬರೆಸಿದ ಎತ್ತರವನ್ನೇ ಫಾರಂನಲ್ಲಿ ತುಂಬುವವರನ್ನು ತುಂಬಾ ನೋಡಿದ್ದೇನೆ. ಆಸ್ಪತ್ರೆಯಲ್ಲಿ ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಮತ್ತೆ ಅಳೆಸಿ. ಬಂದ ಅಳತೆಯನ್ನು ಇದ್ದದ್ದು ಇದ್ದ ಹಾಗೆ ದಾಖಲೆಯಲ್ಲಿ ಬರೆಸಿ.

ಆಗಲೂ 160 ಸೆಂ.ಮೀ. ಬಂದರೆ ಸುಮ್ನೆ ಕೈಬಿಡಬೇಡಿ. ಬಿಎಂಐ 40, ಕಾಯಿಲೆ ಇದ್ದರೆ 35 ಎಂಬ ಗೆರೆ 1991ರಲ್ಲಿ ಅಮೆರಿಕದ ತಜ್ಞರು ಎಳೆದದ್ದು. ಎಷ್ಟೋ ಪಾಲಿಸಿಗಳು ಇನ್ನೂ ಅದನ್ನೇ ಹಿಡಿದುಕೊಂಡಿವೆ. ಆದರೆ 2022ರಲ್ಲಿ ಈ ಸರ್ಜರಿ ಮಾಡುವವರ ಎರಡು ದೊಡ್ಡ ಸಂಘಗಳು ಸೇರಿ ಗೆರೆಯನ್ನು ಕೆಳಗಿಳಿಸಿವೆ. ಟೈಪ್ 2 ಸಕ್ಕರೆ ಕಾಯಿಲೆ ಇದ್ದು ಬಿಎಂಐ 30 ದಾಟಿದವರಿಗೆ ಸರ್ಜರಿ ಮಾಡಬಹುದು ಎಂದಿವೆ. ನಿಮ್ಮದು ಟೈಪ್ 2 ಆದರೆ ನೀವು ಅದರೊಳಗೇ ಬರುತ್ತೀರಿ. ಇದರಿಂದ ಪಾಲಿಸಿಯ ಷರತ್ತು ತಾನಾಗಿ ಬದಲಾಗುವುದಿಲ್ಲ, ನಿಜ. ಆದರೂ ಇದನ್ನು ತೋರಿಸಿ ನಿಮ್ಮ ಸರ್ಜನ್ ಒಂದು ಪತ್ರ ಬರೆದುಕೊಡಲಿ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ವರದಿ, ಈವರೆಗೆ ತಗೊಂಡ ಔಷಧಿ, ಪಥ್ಯ ಮಾಡಿದ ದಾಖಲೆ ಎಲ್ಲ ಜೊತೆಗಿಡಿ. ಸರ್ಜರಿಯ ದಿನ ಗೊತ್ತು ಮಾಡುವ ಮೊದಲೇ ಕಂಪನಿಗೆ ಕಳಿಸಿ. ಯಾವ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದೂ ಕೇಳಿ. ಉತ್ತರ ಬರಹದಲ್ಲೇ ಬೇಕು, ಫೋನಿನಲ್ಲಿ ಹೇಳಿದ್ದು ಸಾಲದು.