ಹನ್ನೊಂದರ ಹುಡುಗನಿಗೆ ಕರ್ವ್‌ಬಾಲ್ ಕಲಿಸಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. 11 ವರ್ಷದ ಮಗ ಲಿಟ್ಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಗೆಳೆಯರಂತೆ ತಾನೂ ಕರ್ವ್‌ಬಾಲ್ (ಗಾಳಿಯಲ್ಲೇ ಬಾಗಿ ಕೆಳಗಿಳಿಯುವ ಎಸೆತ) ಎಸೆಯಬೇಕೆಂದು ಹಟ ಹಿಡಿದಿದ್ದಾನೆ. ಕಾಲೇಜಿನಲ್ಲಿ ಲೆಗ್ ಸ್ಪಿನ್ ಹಾಕುತ್ತಿದ್ದ ನಾನೇ ಮಣಿಕಟ್ಟು ತಿರುಗಿಸುವುದನ್ನು ಹೇಳಿಕೊಡಲೇ? ಮೊಣಕೈ ಹಾಳಾಗುತ್ತದೆಂದು ಕೆಲವರು ಹೆದರಿಸುತ್ತಾರೆ.

ಉತ್ತರ: ಸದ್ಯಕ್ಕೆ ಬೇಡ. ಲೆಗ್ ಸ್ಪಿನ್ನಿನ ಪಾಠವಂತೂ ಮುಂದೆಯೂ ಬೇಡ. ಕ್ರಿಕೆಟ್‌ನಲ್ಲಿ ಚೆಂಡು ಹಾಕುವಾಗ ಬಾಗಿದ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೇರಗೊಳಿಸುವಂತಿಲ್ಲ. ಪಿಚರ್‌ನ ಮೊಣಕೈ ಚೆನ್ನಾಗಿ ಬಾಗಿ, ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಆಗ ಅದರ ಒಳಮಗ್ಗುಲು ಜೋರಾಗಿ ಜಗ್ಗುತ್ತದೆ. ಈ ವಯಸ್ಸಿನಲ್ಲಿ ಅಲ್ಲಿನ ಮೂಳೆಯ ತುದಿ ಇನ್ನೂ ಮೃದ್ವಸ್ಥಿಯಿಂದಲೇ ಅಂಟಿಕೊಂಡಿರುತ್ತದೆ. ಮೊದಲು ಸೋಲುವುದು ಆ ಜಾಗ.

ಆದರೂ ನಿಮ್ಮನ್ನು ಹೆದರಿಸುವವರು ಬೊಟ್ಟು ಮಾಡುತ್ತಿರುವುದು ತಪ್ಪು ಕಡೆಗೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಅಳೆದು ನೋಡಿದಾಗ, ಕರ್ವ್‌ಬಾಲ್‌ನಿಂದ ಮೊಣಕೈ ಮೇಲೆ ಬೀಳುವ ಭಾರ ಫಾಸ್ಟ್‌ಬಾಲ್‌ನದಕ್ಕಿಂತ ಹೆಚ್ಚಿರಲಿಲ್ಲ. ಬಾಲಕರನ್ನು 10 ವರ್ಷ ಗಮನಿಸಿ 2011ರಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷಕ್ಕೆ 100 ಇನಿಂಗ್ಸ್‌ಗಿಂತ (ಬೇಸ್‌ಬಾಲ್‌ನಲ್ಲಿ ಎದುರಾಳಿಯ ಮೂವರು ಔಟಾಗುವವರೆಗಿನ ಸರದಿ) ಹೆಚ್ಚು ಎಸೆದವರಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು. 13 ವರ್ಷಕ್ಕೆ ಮೊದಲೇ ಕರ್ವ್‌ಬಾಲ್ ಎಸೆಯತೊಡಗಿದ್ದೇ ಕಾರಣವೆಂದು ತೋರಿಸಲು ಅದಕ್ಕೆ ಆಗಲಿಲ್ಲ. ದೊಡ್ಡ ಶತ್ರು ದಣಿವು.

ಹಾಗಿದ್ದ ಮೇಲೆ ಕಲಿಸಿದರೇನು ಎನ್ನುತ್ತೀರಾ? ಪ್ರಯೋಗಾಲಯದಲ್ಲಿ ಅಳೆಯುವುದು ಸರಿಯಾಗಿ ಎಸೆದ ಚೆಂಡನ್ನು. ದಣಿದ ಹುಡುಗ ಮುಂಗೈ ತಿರುಚಿ ಎಸೆಯುತ್ತಾನೆ. ಅದೂ ಅಲ್ಲದೆ ಈ ವಯಸ್ಸಿನ ಬ್ಯಾಟರ್‌ಗಳಿಗೆ ಕರ್ವ್‌ಬಾಲ್ ತಿಳಿಯುವುದಿಲ್ಲ. ಗೆಲ್ಲುವ ಆಸೆಗೆ ಕೋಚ್ ಅದನ್ನೇ ಕೇಳುತ್ತಾರೆ, ಉಳಿದ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಸಂಸ್ಥೆ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಸೂತ್ರವೂ 12ರವರೆಗೆ ಫಾಸ್ಟ್‌ಬಾಲ್, ಚೇಂಜ್‌ಅಪ್ (ಬ್ಯಾಟರ್‌ನನ್ನು ಏಮಾರಿಸುವ ನಿಧಾನದ ಎಸೆತ) ಸಾಕೆನ್ನುತ್ತದೆ. ಅವೆರಡೂ ಹಿಡಿತಕ್ಕೆ ಬಂದಿದ್ದರೆ 13ರ ನಂತರ ಕರ್ವ್‌ಬಾಲ್ ಆರಂಭಿಸಬಹುದು. ವೇಗವಾಗಿ ಬಂದು ಪಕ್ಕಕ್ಕೆ ಜಾರುವ ಸ್ಲೈಡರ್ ಎಸೆತ ಅದಕ್ಕೂ ತಡವಾಗಿ ಬರಲಿ.

ಕಲಿಸುವ ದಿನ ಬಂದಾಗ ನೆನಪಿಡಬೇಕಾದದ್ದು: ಚೆಂಡು ಬಿಡುವಾಗ ಮಣಿಕಟ್ಟನ್ನು ತಿರುವಬಾರದು. ಅಂಗೈ ತಲೆಯ ಕಡೆಗಿರುವಂತೆ ಮೊದಲೇ ಇರಿಸಿಕೊಂಡು, ಮಚ್ಚು ಬೀಸುವಂತೆ ಕೈಯನ್ನು ಮುಂದಕ್ಕೆ, ಕೆಳಕ್ಕೆ ತರಬೇಕು. ಚೆಂಡನ್ನು ತಿರುಗಿಸುವುದು ಬೆರಳುಗಳ ಹಿಡಿತ. ಹತ್ತಿರದಿಂದ, ಅರ್ಧ ಬಲದಲ್ಲಿ, ಕೆಲವೇ ಎಸೆತಗಳಿಂದ ಶುರುಮಾಡಿ.

ಎಸೆತಗಳ ಲೆಕ್ಕ ಮಾತ್ರ ಇಂದಿನಿಂದಲೇ ಇಡಿ. 11–12ರ ಮಕ್ಕಳಿಗೆ ದಿನಕ್ಕೆ ಗರಿಷ್ಠ 85 ಎಸೆತ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಎರಡು ತಂಡಗಳಲ್ಲಿ ಆಡುವ ಮಗುವಿನ ಒಟ್ಟು ಎಸೆತ ಎರಡೂ ಕೋಚ್‌ಗಳಿಗೆ ಗೊತ್ತಿರುವುದಿಲ್ಲ. ಆ ಲೆಕ್ಕದ ಪುಸ್ತಕ ನಿಮ್ಮ ಬಳಿಯೇ ಇರಲಿ. ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೇ ರಜೆ ಕೊಡಿ. ಮೊಣಕೈಯ ಒಳಭಾಗ ನೋಯುತ್ತಿದ್ದರೆ ನೋವಿನ ಮಾತ್ರೆ ನುಂಗಿಸಿ ಆಡಿಸಬೇಡಿ. ಕೈ ಪೂರ್ತಿ ಚಾಚಲು ಆಗದಿದ್ದರೆ ಅದೇ ವಾರ ಮಕ್ಕಳ ಮೂಳೆ ವೈದ್ಯರಿಗೆ ತೋರಿಸಿ.

ಹಟದ ವಿಷಯಕ್ಕೆ ಬಂದರೆ, ಚೇಂಜ್‌ಅಪ್ ಕೊಟ್ಟು ನೋಡಿ. ಚೆಂಡನ್ನು ಅಂಗೈಯೊಳಗೆ ಆಳವಾಗಿ ಹಿಡಿದು ಫಾಸ್ಟ್‌ಬಾಲ್‌ನ ವೇಗದಲ್ಲೇ ತೋಳು ಬೀಸಿದರೆ ಚೆಂಡು ತಡವಾಗಿ ತಲುಪುತ್ತದೆ, ಬ್ಯಾಟರ್ ಮೊದಲೇ ಬೀಸಿರುತ್ತಾನೆ. ಹೀಗೆ ಮೂರು ಸಲ ಬೀಸಿ ಗೆಳೆಯ ಔಟಾದರೆ ಕರ್ವ್‌ಬಾಲ್ ಮಾತು ಮುಂದಿನ ವರ್ಷದವರೆಗಾದರೂ ಎದ್ದೇಳಲಿಕ್ಕಿಲ್ಲ.